ಎರಡನೆಯ ಘಟ: ಮಲೆನಾಡಿನ ಕಥನಗಳಲ್ಲಿ ಗರ್ಭಶುದ್ಧಿಯೂ ಪಕ್ಷಶುದ್ಧಿಯೂ

ಶುದ್ಧಿಯೆಂಬ ಮಾತು ನಮ್ಮ ನಾಡಿನಲ್ಲಿ ಎರಡು ಎಡೆಗಳಲ್ಲಿ ಬಹಳವಾಗಿ ಕೇಳಬರುವುದು. ಒಂದು ಅಡುಗೆಯ ಮನೆ. ಮತ್ತೊಂದು ರಾಜಕೀಯ ಪಕ್ಷದ ಸಭೆ. ಮಡಿಯುಟ್ಟ ಗೃಹಿಣಿಯು ‘ಮುಟ್ಟಬೇಡ’ ಎನ್ನುವಳು. ತತ್ತ್ವವನ್ನುಟ್ಟ ಕಾರ್ಯಕರ್ತನು ‘ಕೂಡಬೇಡ’ ಎನ್ನುವನು. ಮೊದಲನೆಯವಳ ಮಡಿಯನ್ನು ಎರಡನೆಯವನು ಹಾಸ್ಯಮಾಡುವುದುಂಟು. ಆದರೆ ಇಬ್ಬರ ವ್ಯಾಪಾರವನ್ನೂ ಸಾವಧಾನದಿಂದ ನೋಡಿದವರಿಗೆ ಅವುಗಳ ಕ್ರಮವು ಒಂದೇ ಎಂದು ತೋರದಿರದು: ಮೊದಲು ಸ್ಪರ್ಶದ ಶಂಕೆ, ಅನಂತರ ವಿಚಾರಣೆ, ಕೊನೆಗೆ ಬಹಿಷ್ಕಾರ. ಈ ಎರಡು ಶುದ್ಧಿಗಳೂ ಬಂದು ಸಂಧಿಸುವ ಸ್ಥಾನವೊಂದುಂಟು. ಅದು ಹೆಣ್ಣಿನ ಗರ್ಭ. ಜಾತಿಯ ಪಂಚಾಯತಿಯಲ್ಲಿ ಅದು ತೀರ್ಪಿಗೆ ಬಂದಿರುವಂತೆಯೇ, ಪ್ರಗತಿಪರವೆಂದು ಹೇಳಿಕೊಂಡ ಪಕ್ಷಗಳ ಸಿದ್ಧಾಂತಸಭೆಗಳಲ್ಲಿಯೂ ಬಂದಿದೆ. ಎರಡೆಡೆಯಲ್ಲಿಯೂ ಆ ಗರ್ಭವನ್ನು ಹೊತ್ತವಳಿಗೆ ಸಭೆಯಲ್ಲಿ ಸ್ಥಾನವಿರುವುದು ಅಪೂರ್ವ.

ಈ ವಿಷಯವನ್ನು ನಮ್ಮ ಪ್ರಾಂತದ ಕೆಲವು ಕಥನಗಳನ್ನು ಆಧಾರವಾಗಿಟ್ಟುಕೊಂಡು ವಿಮರ್ಶಿಸುವುದು ಪ್ರಕೃತ ಲೇಖನದ ಉದ್ದೇಶ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (೧೯೩೬), ಯು. ಆರ್. ಅನಂತಮೂರ್ತಿಯವರು ಅರವತ್ತರ ದಶಕದ ಆರಂಭದಲ್ಲಿ ಬರೆದ ‘ಘಟಶ್ರಾದ್ಧ’ವೆಂಬ ಕಥೆ ಮತ್ತು ಅದನ್ನು ಅನುಸರಿಸಿ ಗಿರೀಶ ಕಾಸರವಳ್ಳಿಯವರು ೧೯೭೭ರಲ್ಲಿ ನಿರ್ಮಿಸಿದ ಚಲಚ್ಚಿತ್ರ, ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (೧೯೭೬), ಅನಂತಮೂರ್ತಿಯವರದೇ ‘ಅವಸ್ಥೆ’ (೧೯೭೮), ಇಷ್ಟನ್ನು ಇಲ್ಲಿ ತೆಗೆದುಕೊಳ್ಳುತ್ತೇನೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ವಾಚಕರಿಗೆ ಇವು ದೂರದ ಕಥೆಗಳಲ್ಲ. ಕುವೆಂಪು ಜನಿಸಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಇಂದಿರಾ ಅವರ ಮೂಲಸ್ಥಳ ನರಸಿಂಹರಾಜಪುರ. ಅನಂತಮೂರ್ತಿಯವರ ‘ಸಂಸ್ಕಾರ’ವು ಚಿತ್ರವಾದಾಗ ಅದರ ಅಗ್ರಹಾರವಾಗಿ ಕಾಣಿಸಿಕೊಂಡದ್ದು ಶೃಂಗೇರಿಯ ಸಮೀಪದ ವೈಕುಂಠಪುರ. ಅನಂತಮೂರ್ತಿಯವರ ಮೇಳಿಗೆಯೂ ಕಾಸರವಳ್ಳಿಯವರ ಕೇಸಲೂರೂ ನಮ್ಮ ಗಡಿಗೆ ತಾಗಿದ ತೀರ್ಥಹಳ್ಳಿಯ ಸೀಮೆಯವು. ಒಂದೇ ಮಳೆ, ಒಂದೇ ಅಡಕೆ, ಒಂದೇ ಬಗೆಯ ಮೌನ.

ಕಾಲಕ್ರಮದಲ್ಲಿ ಮೊದಲನೆಯದು ‘ಕಾನೂರು ಹೆಗ್ಗಡಿತಿ’. ವೃದ್ಧನಾದ ಚಂದ್ರಯ್ಯಗೌಡನನ್ನು ಕೈಹಿಡಿದ ಸುಬ್ಬಮ್ಮನು ಅವನ ಮರಣಾನಂತರ ಮನೆಯ ಒಡತಿಯಾಗುವಳು. ಸೇರೆಗಾರನ ಸಂಗದಿಂದ ಗರ್ಭವತಿಯಾಗುವಳು. ಆ ಗರ್ಭವನ್ನು ಕಳೆಯುವ ಯತ್ನದಲ್ಲಿ ತನ್ನ ಪ್ರಾಣವನ್ನೇ ಕಳೆದುಕೊಳ್ಳುವಳು. ಇಲ್ಲಿ ಗಮನಿಸಬೇಕಾದುದು ಎರಡು. ಮೊದಲನೆಯದಾಗಿ, ಇದು ಗೌಡರ ಮನೆ. ವಿಧವೆಯ ಗರ್ಭವೆಂಬ ಸಂಕಟವನ್ನು ಬ್ರಾಹ್ಮಣರ ಅಗ್ರಹಾರಕ್ಕೆ ಮಾತ್ರ ಸೇರಿದ ರೋಗವೆಂದು ಭಾವಿಸುವವರಿಗೆ ಈ ಕಾದಂಬರಿಯೊಂದೇ ಸಾಕಾದಷ್ಟು ಉತ್ತರವನ್ನು ಕೊಡುತ್ತದೆ. ಎರಡನೆಯದಾಗಿ, ಸುಬ್ಬಮ್ಮನನ್ನು ಯಾವ ಸಭೆಯೂ ಶಿಕ್ಷಿಸಲಿಲ್ಲ. ಸಭೆಯು ಸೇರುವುದಕ್ಕೆ ಮೊದಲೇ ಸಭೆಯ ಭಯವು ಆಕೆಯನ್ನು ಕೊಂದಿತು. ೧೮೬೦ರ ದಂಡಸಂಹಿತೆಯು ಪ್ರಾಣರಕ್ಷಣೆಯ ನಿಮಿತ್ತವಲ್ಲದೆ ಗರ್ಭವನ್ನು ಕಳೆಯುವವರನ್ನೂ, ಕಳೆಸಿಕೊಂಡ ಸ್ತ್ರೀಯನ್ನೂ ಸಮಾನವಾಗಿ ಅಪರಾಧಿಗಳೆಂದು ಎಣಿಸಿತ್ತು. ಹೀಗೆ ಸರಕಾರ, ಸಮಾಜ ಎರಡೂ ಬಾಗಿಲು ಮುಚ್ಚಿದಮೇಲೆ ಉಳಿದದ್ದು ಕಾಡಿನ ಬೇರು ಮತ್ತು ಅಜ್ಞರ ಕೈ. ಈ ಮರಣವನ್ನು ನೀತಿಪಾಠವನ್ನಾಗಿ ತಿರುಗಿಸದೆ ಇದ್ದುದು ಕುವೆಂಪು ಅವರ ಔಚಿತ್ಯಪ್ರಜ್ಞೆಗೆ ಸಾಕ್ಷಿ.

‘ಘಟಶ್ರಾದ್ಧ’ದಲ್ಲಿ ಸಭೆಯು ಪ್ರತ್ಯಕ್ಷವಾಗಿಯೇ ಬರುವುದು. ಉಡುಪರ ವೇದಪಾಠಶಾಲೆಗೆ ನಾಣಿಯೆಂಬ ಎಳೆಯ ಹುಡುಗನು ಓದಲು ಬರುವನು. ಹಿರಿಯ ವಿದ್ಯಾರ್ಥಿಗಳ ಪೀಡೆಗೆ ಸಿಕ್ಕಿದ ಅವನಿಗೆ ಆಶ್ರಯವಾಗುವವಳು ಉಡುಪರ ಮಗಳು, ವಿಧವೆಯಾದ ಯಮುನಕ್ಕ. ಆಕೆಯು ಊರಿನ ಶಾಲೆಯ ಉಪಾಧ್ಯಾಯನಿಂದ ಗರ್ಭಿಣಿಯಾಗಿರುವಳು. ಹುತ್ತದೊಳಕ್ಕೆ ಕೈಯಿಟ್ಟು ಸಾಯಲೆಳಸಿದರೂ ಸಾವು ಒಲಿಯಲಿಲ್ಲ. ರಾತ್ರಿಯ ಕತ್ತಲೆಯಲ್ಲಿ ಗರ್ಭವನ್ನು ತೆಗೆಸಲಾಗುವುದು. ಊರಿಗೆ ತಿಳಿಯುವುದು. ತಂದೆಯು ಬದುಕಿರುವ ಮಗಳಿಗೆ ಘಟಶ್ರಾದ್ಧವನ್ನು ಮಾಡುವನು. ತಲೆ ಬೋಳಿಸಿದ ಯಮುನಕ್ಕನು ಮರದ ಬುಡದಲ್ಲಿ ಒಂಟಿಯಾಗಿ ಉಳಿಯುವಳು; ನಾಣಿಯನ್ನು ಅವನ ತಂದೆಯು ಊರಿಗೆ ಕರೆದೊಯ್ಯುವನು. ಕಥೆಯು ಇಷ್ಟೇ.

ಇದರ ರಸನಿರ್ವಾಹದಲ್ಲಿ ಶ್ಲಾಘ್ಯವಾದುದು, ಎಲ್ಲವನ್ನೂ ಬಾಲಕನ ಕಣ್ಣಿನಿಂದ ನೋಡಿಸಿದ ಕೌಶಲ. ನಾಣಿಗೆ ಗರ್ಭವೆಂದರೇನೆಂದು ತಿಳಿಯದು, ಪಾಪವೆಂದರೇನೆಂಬುದೂ ತಿಳಿಯದು. ಯಮುನಕ್ಕನ ಮಡಿಲು ಬೆಚ್ಚಗಿದೆಯೆಂಬುದು ಮಾತ್ರ ತಿಳಿದಿದೆ. ಆದಕಾರಣ ದೊಡ್ಡವರ ತೀರ್ಪಿನ ಭಾಷೆಯೆಲ್ಲವೂ ಅವನ ಕಿವಿಯಲ್ಲಿ ಅರ್ಥವಿಲ್ಲದ ಸದ್ದಾಗುವುದು. ಶಬ್ದವು ಹೇಳದೆ ಉಳಿಸಿದುದನ್ನು ಸಹೃದಯನ ಹೃದಯವು ಪೂರ್ಣಮಾಡಿಕೊಳ್ಳುವುದೇ ಧ್ವನಿಯಾದರೆ, ಇಲ್ಲಿ ಕರುಣವು ಧ್ವನಿತವೇ ಹೊರತು ವಾಚ್ಯವಲ್ಲ. ಕಾಸರವಳ್ಳಿಯವರ ಮೊದಲನೆಯ ಕಥಾಚಿತ್ರವಾದ ಇದು ಆ ವರ್ಷದ ಸ್ವರ್ಣಕಮಲವನ್ನು ಪಡೆದುದೂ, ೨೦೨೪ರಲ್ಲಿ ಜೀರ್ಣೋದ್ಧಾರಗೊಂಡು ವೆನಿಸ್ ನಗರದ ಚಿತ್ರೋತ್ಸವದಲ್ಲಿ ಮತ್ತೆ ತೋರಿಸಲ್ಪಟ್ಟುದೂ ಯುಕ್ತವೇ ಸರಿ.

ಆದರೆ ಶಾಸ್ತ್ರಪಾಠವನ್ನು ಸ್ವಲ್ಪ ಮಾಡಿದವನಿಗೆ ಇಲ್ಲಿ ಒಂದು ಪ್ರಶ್ನೆಯು ಏಳದೆ ಇರದು. ಈ ಕರ್ಮದ ವಿಧಿಯು ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯದಲ್ಲಿದೆ. ಪತಿತನಾದವನು ಜೀವಿಸಿರುವಾಗಲೇ ಸಪಿಂಡರೂ ಬಾಂಧವರೂ ಊರ ಹೊರಗೆ, ನಿಂದ್ಯವಾದ ದಿನದ ಸಾಯಂಕಾಲದಲ್ಲಿ, ಜ್ಞಾತಿ, ಋತ್ವಿಕ್ಕು, ಗುರುಗಳ ಸನ್ನಿಧಿಯಲ್ಲಿ ಅವನಿಗೆ ಉದಕವನ್ನು ಕೊಡಬೇಕು. ದಾಸಿಯೊಬ್ಬಳು ನೀರು ತುಂಬಿದ ಘಟವನ್ನು ಪ್ರೇತಕ್ಕೆಂಬಂತೆ ಕಾಲಿನಿಂದ ಉರುಳಿಸಬೇಕು. ಅಂದಿನಿಂದ ಅವನೊಡನೆ ಮಾತು, ಸಹಾಸನ, ದಾಯಭಾಗ, ಲೋಕವ್ಯವಹಾರ ಎಲ್ಲವೂ ನಿಲ್ಲಬೇಕು. ಇದು ಮೊದಲನೆಯ ಘಟ. ಜನರು ಬಲ್ಲುದು ಇದನ್ನು ಮಾತ್ರ. ಆದರೆ ಸ್ಮೃತಿಯು ಅಲ್ಲಿಗೆ ನಿಲ್ಲುವುದಿಲ್ಲ. ಪತಿತನು ಪ್ರಾಯಶ್ಚಿತ್ತವನ್ನು ಮಾಡಿಕೊಂಡು ಬಂದರೆ, ಅದೇ ಬಂಧುಗಳು ಪುಣ್ಯಜಲದಲ್ಲಿ ಅವನೊಡನೆ ಕೂಡಿ ಸ್ನಾನಮಾಡಿ, ನೀರು ತುಂಬಿದ ಹೊಸದೊಂದು ಘಟವನ್ನು ಹಾಕಬೇಕು. ಅವನು ತನ್ನ ಮನೆಯನ್ನು ಹೊಕ್ಕು ಮೊದಲಿನಂತೆಯೇ ಜ್ಞಾತಿಕಾರ್ಯಗಳನ್ನು ನಡೆಸಬೇಕು. ಆಮೇಲೆ ಯಾರೂ ಅವನನ್ನು ನಿಂದಿಸಕೂಡದು. ಯಾಜ್ಞವಲ್ಕ್ಯನೂ ಇದನ್ನೇ ವಿಧಿಸಿದ್ದಾನೆ. ಇದು ಎರಡನೆಯ ಘಟ.

ಸ್ತ್ರೀಯರ ವಿಷಯದಲ್ಲಿ ಇನ್ನೂ ಒಂದು ವಿಶೇಷವುಂಟು. ಪತಿತೆಯಾದವಳಿಗೂ ಇದೇ ವಿಧಿಯೆಂದು ಹೇಳಿದ ಮನುವು, ಆಕೆಗೆ ವಸ್ತ್ರ, ಅನ್ನ, ಪಾನಗಳನ್ನು ಕೊಡಬೇಕೆಂದೂ, ಆಕೆಯು ಮನೆಯ ಸಮೀಪದಲ್ಲಿಯೇ ವಾಸಿಸಬೇಕೆಂದೂ ಸ್ಪಷ್ಟವಾಗಿ ಹೇಳುವನು. ಯಾಜ್ಞವಲ್ಕ್ಯನು ರಕ್ಷಣೆಯೆಂಬುದನ್ನೂ ಸೇರಿಸುವನು. ಹಾಗಾದರೆ ಮರದ ಬುಡದಲ್ಲಿ ಯಮುನಕ್ಕನನ್ನು ಕೂರಿಸಿ ಹೋದ ಊರು ಯಾವ ಶಾಸ್ತ್ರವನ್ನು ನಡೆಸಿತು? ಅನ್ನವೆಲ್ಲಿ? ವಸ್ತ್ರವೆಲ್ಲಿ? ಗೃಹಸಮೀಪದ ವಾಸವೆಲ್ಲಿ? ಸ್ಮೃತಿಯ ಒಂದು ಶ್ಲೋಕವನ್ನು ಪಠಿಸಿ, ಅದರ ಕೆಲವೇ ಶ್ಲೋಕಗಳ ಆಚೆಗಿರುವುದನ್ನು ನುಂಗಿದ ಪಂಡಿತರನ್ನು ಶಾಸ್ತ್ರನಿಷ್ಠರೆಂದು ಕರೆಯುವುದು ಶಾಸ್ತ್ರಕ್ಕೇ ಅಪಚಾರ.

ಇಲ್ಲಿ ಪೂರ್ವಪಕ್ಷವೊಂದು ಏಳಬಹುದು. ಗರ್ಭಪಾತವನ್ನು ಸ್ತ್ರೀಯರಿಗೆ ವಿಶೇಷವಾಗಿ ಪತನಕಾರಣವೆಂದು ಯಾಜ್ಞವಲ್ಕ್ಯನೇ ಎಣಿಸಿಲ್ಲವೇ? ಹೌದು, ಎಣಿಸಿದ್ದಾನೆ, ಅದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಾಗದು. ಆದರೆ ಆಕೆಗೆ ಮನೆಯ ಬಳಿ ವಾಸ, ಅನ್ನ, ವಸ್ತ್ರ, ರಕ್ಷಣೆ ಎಂಬ ವಿಧಿಯೂ ಗರ್ಭಪಾತದ ಉಲ್ಲೇಖವೂ ಅಲ್ಲಿ ಒಂದರ ಪಕ್ಕದಲ್ಲಿ ಒಂದು ಇವೆ. ಪತಿತೆಯೆಂದು ಯಾರನ್ನು ಹೇಳಿತೋ ಆಕೆಗೇ ಅನ್ನವನ್ನೂ ವಿಧಿಸಿತು. ಇಂದಿನ ನ್ಯಾಯವನ್ನು ಸ್ಮೃತಿಯಿಂದ ತೆಗೆಯಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಅದಕ್ಕೆ ಬೇರೆ ಪ್ರಮಾಣಗಳುಂಟು. ಕಠೋರವೆಂದು ನಾವು ಬಗೆಯುವ ಪ್ರಾಚೀನ ವಿಧಿಯಷ್ಟು ಕರುಣೆಯೂ ಅದನ್ನು ನಡೆಸುವವರಲ್ಲಿರಲಿಲ್ಲವೆಂಬುದಷ್ಟೆ ಇಲ್ಲಿ ವಿವಕ್ಷಿತ. ಅನಂತಮೂರ್ತಿಯವರ ಕಥೆಯ ಬಗ್ಗೆ ನನ್ನ ಒಂದೇ ಆಕ್ಷೇಪವು ಇದು: ಎರಡನೆಯ ಘಟದ ಸುಳಿವನ್ನು ಕೊಡದೆ ಇದ್ದುದರಿಂದ, ಕ್ರೌರ್ಯವು ವಿಧಿಯಲ್ಲಿಯೇ ಇದೆಯೆಂದು ವಾಚಕನು ಸಮಾಧಾನಪಡುವ ಅವಕಾಶವುಂಟಾಯಿತು. ವಿಧಿಯ ಅರ್ಧವನ್ನು ಮರೆಮಾಡಿದ ಮನುಷ್ಯರ ಮೇಲಿನ ಆರೋಪವು ಇದಕ್ಕಿಂತ ಭಾರವಾದುದು.

ಆ ಎರಡನೆಯ ಘಟವನ್ನು ಶಾಸ್ತ್ರದ ಹೆಸರೆತ್ತದೆ ಕೈಯಲ್ಲಿ ಹಿಡಿದವಳು ಇಂದಿರಾ ಅವರ ಫಣಿಯಮ್ಮ. ಬಾಲ್ಯದಲ್ಲಿಯೇ ವಿವಾಹ, ಬಾಲ್ಯದಲ್ಲಿಯೇ ವೈಧವ್ಯ, ಋತುಮತಿಯಾದ ಮೇಲೆ ಕೇಶವಪನ, ಅನಂತರ ನೂರು ವರ್ಷಗಳನ್ನು ಮೀರಿದ ದೀರ್ಘವಾದ ಬಾಳು. ನಿಜವಾಗಿ ಬದುಕಿದ್ದ ಹೆಂಗಸೊಬ್ಬಳ ಜೀವನವನ್ನು ಆಧರಿಸಿದ ಈ ಕಥೆಯಲ್ಲಿ ಆಕೆಯಷ್ಟು ಮಡಿಯವರು ಮತ್ತಾರೂ ಇಲ್ಲ. ಆದರೂ ಕೆಳಜಾತಿಯವಳೆನಿಸಿದ ಹೆಣ್ಣಿನ ಕಷ್ಟಪ್ರಸವಕ್ಕೆ ಆಕೆಯು ಕೈನೀಡುವಳು. ತಲೆ ಬೋಳಿಸಿಕೊಳ್ಳಲೊಪ್ಪದ ತರುಣ ವಿಧವೆ ದಾಕ್ಷಾಯಣಿಯ ಪಕ್ಷವನ್ನು ವಹಿಸುವಳು. ಇದರ ಮರ್ಮವೇನು? ಫಣಿಯಮ್ಮನ ಪಾಲಿಗೆ ಮಡಿಯು ತಾನು ಹೊತ್ತ ವ್ರತ; ಪರರ ತಲೆಯ ಮೇಲೆ ಎತ್ತಿದ ದಂಡವಲ್ಲ. ಉಡುಪರ ಊರಿನವರಿಗೆ ಮಡಿಯು ದಂಡವೇ ಆಗಿತ್ತು. ಶುದ್ಧಿಯನ್ನು ವಿಮರ್ಶಿಸುವವರು ಈ ಭೇದವನ್ನು ಕಾಣದೆ ಹೋದರೆ ಫಣಿಯಮ್ಮನನ್ನೂ ಆ ಊರ ಪಂಚರನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದಂತಾಗುವುದು. ವಾದವಿಲ್ಲದ, ಘೋಷಣೆಯಿಲ್ಲದ ಈ ಸರಳಗ್ರಂಥವು ನವ್ಯಸಾಹಿತ್ಯದ ಚರ್ಚೆಗಳಲ್ಲಿ ತಕ್ಕ ಸ್ಥಾನವನ್ನು ಪಡೆಯದೆ ಹೋದುದು ಶೋಚನೀಯ.

ಇನ್ನು ಪಕ್ಷಶುದ್ಧಿಯ ವಿಚಾರ. ‘ಘಟಶ್ರಾದ್ಧ’ದ ಕರ್ತೃವು ಸಮಾಜವಾದಿ. ‘ಸಂಸ್ಕಾರ’ವನ್ನು ೧೯೭೦ರಲ್ಲಿ ಚಿತ್ರವಾಗಿಸಿದ ಪಟ್ಟಾಭಿರಾಮ ರೆಡ್ಡಿಯವರೂ, ಅದರಲ್ಲಿ ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿಯವರೂ ರಾಮಮನೋಹರ ಲೋಹಿಯಾ ಅವರ ಅನುಯಾಯಿಗಳು, ಆಕೆಯು ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನ ಸೆರೆಮನೆಯಲ್ಲಿದ್ದು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, ೧೯೭೭ರ ಜನವರಿಯಲ್ಲಿ ತೀರಿಕೊಂಡರು. ಮಲೆನಾಡಿನಲ್ಲಿ ಸಮಾಜವಾದವು ಪುಸ್ತಕದಿಂದ ಹುಟ್ಟಿದುದಲ್ಲ; ೧೯೫೧ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರ ಗದ್ದೆಯಿಂದ ಎದ್ದುಬಂದುದು. ಆರಗದ ಶಾಂತವೇರಿ ಗೋಪಾಲಗೌಡರು ಅದರ ಕಂಠವಾದರು. ಲೋಹಿಯಾ ಅವರೂ ಸಾಗರಕ್ಕೆ ಬಂದು ಬಂಧನಕ್ಕೊಳಗಾದರು. ಭೂಮಿಯ ವಿಷಯದಲ್ಲಿ ಆ ಬಳಗದ ಶ್ರಮವು ವ್ಯರ್ಥವಾಗಲಿಲ್ಲ. ೧೯೭೪ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಗೆ ನೆಲವನ್ನು ಹದಮಾಡಿದವರಲ್ಲಿ ಅವರೂ ಒಬ್ಬರು.

ಆದರೆ ಲೋಹಿಯಾ ಅವರು ಎಣಿಸಿದ ಸಪ್ತಕ್ರಾಂತಿಗಳಲ್ಲಿ ಮೊದಲನೆಯದು ಭೂಮಿಯಲ್ಲ, ಸ್ತ್ರೀಪುರುಷರ ಸಮಾನತೆ. ವ್ಯಕ್ತಿಯ ಖಾಸಗಿ ಬಾಳಿನೊಳಕ್ಕೆ ಅನ್ಯಾಯವಾಗಿ ಕೈಹಾಕುವುದರ ವಿರುದ್ಧದ ಹೋರಾಟವೂ ಆ ಏಳರಲ್ಲಿ ಒಂದು. ಸ್ತ್ರೀಪುರುಷರ ಸಂಬಂಧದಲ್ಲಿ ವಚನಭಂಗ, ಬಲಾತ್ಕಾರ ಎಂಬೆರಡನ್ನುಳಿದು ಮತ್ತಾವುದೂ ಅಕ್ಷಮ್ಯವಲ್ಲವೆಂಬುದು ಅವರ ಪ್ರಸಿದ್ಧವಾದ ಮತ. ಈ ಅಳತೆಗೋಲಿನಿಂದ ‘ಘಟಶ್ರಾದ್ಧ’ವನ್ನು ಅಳೆದರೆ ಅಪರಾಧಿಯು ಯಮುನಕ್ಕನಲ್ಲ, ಆಕೆಯನ್ನು ನಂಬಿಸಿ ಕೈಬಿಟ್ಟ ಉಪಾಧ್ಯಾಯನು. ಅವನಿಗೆ ಯಾರೂ ಘಟವನ್ನೊಡೆಯಲಿಲ್ಲ. ಉಪಾಧ್ಯಾಯವೃತ್ತಿಯಲ್ಲಿ ಬಾಳನ್ನು ಸವೆಸಿದವರೆಲ್ಲರೂ ಈ ಸ್ಥಳದಲ್ಲಿ ಒಂದು ಕ್ಷಣ ಪುಸ್ತಕವನ್ನು ಕೆಳಗಿಡುವುದು ಒಳ್ಳೆಯದು.

ಇಂತಹ ಗುರುವಿನ ಪಕ್ಷವು ಯಾವ ಪ್ರಶ್ನೆಯ ಮೇಲೆ ಒಡೆಯಿತೆಂದು ನೋಡೋಣ. ೧೯೫೪ರಲ್ಲಿ ತಿರುವಾಂಕೂರು ಕೊಚ್ಚಿಯಲ್ಲಿ ಪ್ರಜಾ ಸಮಾಜವಾದಿ ಪಕ್ಷದ ಸರಕಾರವಿದ್ದಾಗ ಪೋಲೀಸರು ಚಳವಳಿಗಾರರ ಮೇಲೆ ಗುಂಡುಹಾರಿಸಿದರು. ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿದ್ದ ಲೋಹಿಯಾ ಅವರು ತಮ್ಮವರದೇ ಆದ ಆ ಸರಕಾರವು ರಾಜೀನಾಮೆ ಕೊಡಬೇಕೆಂದರು. ಫಲವಾಗಿ ೧೯೫೫ರಲ್ಲಿ ಅವರೇ ಪಕ್ಷದಿಂದ ಹೊರಗಾದರು. ಬೇರೊಂದು ಸಮಾಜವಾದಿ ಪಕ್ಷವು ಹುಟ್ಟಿತು. ೧೯೬೪ರಲ್ಲಿ ಕೂಡಿದರು, ೧೯೬೫ರಲ್ಲಿ ಒಡೆದರು. ೧೯೭೧ರಲ್ಲಿ ಮತ್ತೆ ಕೂಡಿದರು, ೧೯೭೨ರಲ್ಲಿ ಮತ್ತೆ ಒಡೆದರು. ಕಾಂಗ್ರೆಸ್ಸಿನೊಡನೆ ಸೇರಬಹುದೇ, ಕಮ್ಯುನಿಸ್ಟರೊಡನೆ ಸೇರಬಹುದೇ, ಜನಸಂಘದೊಡನೆ ಸೇರಬಹುದೇ ಎಂಬ ಸ್ಪರ್ಶಾಸ್ಪರ್ಶವಿಚಾರವೇ ಪ್ರಧಾನ. ಸ್ವತಃ ಲೋಹಿಯಾ ಅವರೇ ಮೊದಲು ಎಲ್ಲರಿಂದಲೂ ಸಮಾನದೂರವೆಂದರು. ಅನಂತರ ಕಾಂಗ್ರೆಸ್ಸನ್ನು ಸೋಲಿಸಲು ಎಲ್ಲರೊಡನೆಯೂ ಕೂಡುವುದೆಂದರು. ೧೯೬೭ರಲ್ಲಿ ಉತ್ತರದ ರಾಜ್ಯಗಳಲ್ಲಿ ಅಂತಹ ಸರಕಾರಗಳೂ ಆದವು. ೧೯೭೭ರಲ್ಲಿ ಪಕ್ಷವು ಜನತಾ ಪಕ್ಷದಲ್ಲಿ ಕರಗಿತು. ೧೯೭೯ರಲ್ಲಿ ಅಲ್ಲಿಯೂ ಉಭಯಸದಸ್ಯತ್ವವೆಂಬ ಶುದ್ಧಿಪ್ರಶ್ನೆಯೇ ಬಿರುಕಾಯಿತು. ಇಷ್ಟೆಲ್ಲ ಘಟಗಳು ಒಡೆದರೂ ಅವುಗಳಲ್ಲಿ ಒಂದೂ ಹೆಣ್ಣಿನ ಗರ್ಭದ ಪ್ರಶ್ನೆಗಾಗಿ ಒಡೆದುದಲ್ಲ. ಸಪ್ತಕ್ರಾಂತಿಗಳ ಪಟ್ಟಿಯಲ್ಲಿ ಮೊದಲನೆಯದು ಜಗಳದ ಪಟ್ಟಿಯಲ್ಲಿ ಕೊನೆಯದಕ್ಕೂ ಬರಲಿಲ್ಲ.

ಆ ಪ್ರಶ್ನೆಯು ಪಕ್ಷದ ಸಿದ್ಧಾಂತಕ್ಕೆ ಬಂದ ದೇಶಗಳೂ ಉಂಟು. ರಷ್ಯಾದಲ್ಲಿ ಬೋಲ್ಶೆವಿಕ್ ಸರಕಾರವು ೧೯೨೦ರ ನವೆಂಬರಿನಲ್ಲಿ ಗರ್ಭಪಾತವನ್ನು ಆಸ್ಪತ್ರೆಯಲ್ಲಿ ವೈದ್ಯರಿಂದ ನಡೆಯುವ ನ್ಯಾಯಸಮ್ಮತಕ್ರಿಯೆಯನ್ನಾಗಿ ಮಾಡಿತು. ೧೯೩೬ರ ಜೂನಿನಲ್ಲಿ ಸ್ಟಾಲಿನ್ನನ ಆಳಿಕೆಯಲ್ಲಿ ಅದೇ ಪಕ್ಷವು ಕುಟುಂಬಪ್ರಶಸ್ತಿಯನ್ನು ಹಾಡುತ್ತ ಅದನ್ನು ನಿಷೇಧಿಸಿತು. ೧೯೫೫ರಲ್ಲಿ, ಅವನು ಸತ್ತ ಎರಡು ವರ್ಷಗಳಿಗೆ, ಅದೇ ಪಕ್ಷವು ನಿಷೇಧವನ್ನು ಕಿತ್ತುಹಾಕಿತು. ಮೂರು ಸಲವೂ ಪಕ್ಷವೊಂದೇ, ಆಚಾರ್ಯನೊಬ್ಬನೇ, ಸೂತ್ರಗ್ರಂಥವೊಂದೇ. ಭಾಷ್ಯ ಮಾತ್ರ ಬೇರೆ. ಮೂರು ಕಾಲಗಳಲ್ಲಿಯೂ ಅಂದಂದಿನ ಭಾಷ್ಯವೇ ಶುದ್ಧಸಿದ್ಧಾಂತವೆನಿಸಿತು. ಒಂದೇ ಸೂತ್ರಕ್ಕೆ ಪರಸ್ಪರವಿರುದ್ಧವಾದ ಭಾಷ್ಯಗಳಿರುವುದನ್ನು ಕಂಡ ನಮ್ಮ ಪಾಠಶಾಲೆಯ ವಿದ್ಯಾರ್ಥಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದ್ವೈತದ್ವೈತಗಳ ವಾದದಿಂದ ಯಾವ ಹೆಂಗಸೂ ಸಾಯುವುದಿಲ್ಲ. ಇಲ್ಲಿ ಭಾಷ್ಯವು ಬದಲಾದಾಗಲೆಲ್ಲ ಆಸ್ಪತ್ರೆಯ ಬಾಗಿಲು ತೆರೆಯುವುದು ಅಥವಾ ಮುಚ್ಚುವುದು.

ಈ ಹಿನ್ನೆಲೆಯಿಂದ ‘ಅವಸ್ಥೆ’ಯನ್ನು ಓದಬೇಕು. ಗೋಪಾಲಗೌಡರ ಬಾಳು ಇದಕ್ಕೆ ಪ್ರೇರಣೆಯೆಂಬುದು ಸರ್ವವಿದಿತ. ರೈತನಾಯಕನಾದ ಕೃಷ್ಣಪ್ಪಗೌಡನು ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿರುವಾಗ ಅಧಿಕಾರವು ಅವನ ಹೊಸ್ತಿಲಿಗೆ ಬರುವುದು. ಯಾರೊಡನೆ ಕೂಡಬೇಕು, ಯಾರ ಹಣವನ್ನು ಮುಟ್ಟಬೇಕು, ಎಲ್ಲಿಯವರೆಗೆ ಮುಟ್ಟಿಯೂ ಮುಟ್ಟದಂತಿರಬಹುದು ಎಂಬ ಚಿಂತೆಯೇ ಕಥೆಯ ಜೀವಾಳ. ಗುತ್ತಿಗೆದಾರ ವೀರಣ್ಣನ ಉಪಕಾರ, ಕ್ರಾಂತಿಕಾರಿಯಾದ ಅಣ್ಣಾಜಿಯ ನೆನಪು, ವರಂಗಲ್ಲಿನ ಠಾಣೆಯಲ್ಲಿ ತಿಂದ ಪೆಟ್ಟು, ಇವೆಲ್ಲವೂ ಅವನ ಅಂತಃಕರಣದ ವಿಚಾರಣೆಯಲ್ಲಿ ಸಾಕ್ಷಿಗಳಾಗಿ ಬರುವುವು. ಪಕ್ಷವು ಪರರ ಮೇಲೆ ನಡೆಸುವ ಘಟಶ್ರಾದ್ಧವನ್ನು ಈತನು ತನ್ನ ಮೇಲೆಯೇ ನಡೆಸಿಕೊಳ್ಳುವನೆಂಬುದು ಇಲ್ಲಿಯ ಹಿರಿಮೆ. ಅಧಿಕಾರರಾಜಕೀಯದ ಮಲಿನತೆಯನ್ನು ಒಳಗಿನಿಂದ ಇಷ್ಟು ನಿಷ್ಠುರವಾಗಿ ನೋಡಿದ ಕೃತಿಗಳು ಕನ್ನಡದಲ್ಲಿ ವಿರಳ.

ಆದರೂ ನ್ಯೂನತೆಯೊಂದನ್ನು ಹೇಳದೆ ಬಿಡಲಾಗದು. ಕೃಷ್ಣಪ್ಪನ ಬಾಳಿಗೆ ಬಂದ ಸ್ತ್ರೀಯರು, ಗೌರಿಯಾಗಲಿ, ಪತ್ನಿಯಾದ ಸೀತೆಯಾಗಲಿ, ಬಹುಮಟ್ಟಿಗೆ ಅವನ ಆತ್ಮಪರೀಕ್ಷೆಗೆ ಹಿಡಿದ ಕನ್ನಡಿಗಳು. ಒಬ್ಬಳಲ್ಲಿ ಅವನ ಔನ್ನತ್ಯವೂ ಮತ್ತೊಬ್ಬಳಲ್ಲಿ ಅವನ ಪತನವೂ ಪ್ರತಿಫಲಿಸುವುದು. ಕನ್ನಡಿಗೆ ತನ್ನದೇ ಆದ 'ಅವಸ್ಥೆ'ಯು ಇರುವುದಿಲ್ಲ. ಯಮುನಕ್ಕನ ಮೌನವನ್ನು ಅಷ್ಟು ಆಳವಾಗಿ ಕೇಳಿದ ಲೇಖಕರು, ಪಕ್ಷದ ನಾಯಕನ ಮನೆಯೊಳಗಿನ ಮೌನವನ್ನು ಅಷ್ಟು ದೂರ ಕೇಳಲಿಲ್ಲವೆಂದು ತೋರುವುದು. ಅಗ್ರಹಾರದ ಶುದ್ಧಿಯನ್ನು ಹೊರಗೆ ನಿಂತು ನೋಡಲು ಅವರಿಗೆ ನಾಣಿಯ ಕಣ್ಣು ದೊರೆತಿತ್ತು. ಪಕ್ಷದ ಶುದ್ಧಿಯನ್ನು ಹಾಗೆ ಹೊರಗಿನಿಂದ ನೋಡಲು ಯಾವ ಕಣ್ಣೂ ದೊರೆಯಲಿಲ್ಲ. ಎರಡು ಕೃತಿಗಳ ಅಂತರವು ಇದೇ.

ಇತ್ತ ದೇಶದ ಕಾನೂನು ಕಥೆಗಿಂತ ಮುಂದೆ ನಡೆಯಿತು. ೧೯೬೪ರಲ್ಲಿ ನೇಮಕವಾದ ಶಾಂತಿಲಾಲ ಷಾ ಸಮಿತಿಯ ವರದಿಯ ಮೇಲೆ ೧೯೭೧ರಲ್ಲಿ ವೈದ್ಯಕೀಯ ಗರ್ಭಸಮಾಪ್ತಿಯ ಕಾಯಿದೆಯು ಅಂಗೀಕೃತವಾಗಿ ೧೯೭೨ರ ಏಪ್ರಿಲ್ ಒಂದರಿಂದ ಜಾರಿಗೆ ಬಂದಿತು. ಗೋಪಾಲಗೌಡರು ತೀರಿಕೊಂಡುದು ಅದೇ ವರ್ಷದ ಜೂನಿನಲ್ಲಿ. ಆ ಕಾಯಿದೆಯು ಗರ್ಭನಿರೋಧವು ವಿಫಲವಾದ ಸಂದರ್ಭದಲ್ಲಿ ವಿವಾಹಿತೆಯನ್ನು ಮಾತ್ರ ಹೆಸರಿಸಿತ್ತು. ೨೦೨೧ರ ತಿದ್ದುಪಡಿಯು ‘ವಿವಾಹಿತೆ’ ಎಂಬುದನ್ನು ತೆಗೆದು, ಯಾವ ಸ್ತ್ರೀಗಾದರೂ ಅನ್ವಯಿಸುವಂತೆ ಮಾಡಿತು. ಕೆಲವು ವರ್ಗಗಳಿಗೆ ಅವಧಿಯನ್ನು ೨೪ ವಾರಗಳವರೆಗೆ ಹೆಚ್ಚಿಸಿತು. ಅದರ ನಿಯಮಗಳಲ್ಲಿ ಗರ್ಭಿಣಿಯಾಗಿರುವಾಗ ವಿಧವೆಯಾದವಳನ್ನು ಹೆಸರಿಟ್ಟು ಸೇರಿಸಿತು. ೨೦೨೨ರ ಸೆಪ್ಟೆಂಬರ್ ೨೯ರಂದು ಸರ್ವೋಚ್ಚ ನ್ಯಾಯಾಲಯವು ಅವಿವಾಹಿತೆಯರಿಗೂ ಅದೇ ಅವಕಾಶವುಂಟೆಂದು ನಿರ್ಣಯಿಸಿತು. ಯಮುನಕ್ಕನು ಇಂದು ಕೊಪ್ಪದ ಆಸ್ಪತ್ರೆಯ ಬಾಗಿಲಿಗೆ ಬಂದರೆ ಕಾನೂನು ಆಕೆಯನ್ನು ಹಿಂದಕ್ಕೆ ಕಳುಹಿಸದು. ಆದರೆ ಊರು ಏನೆನ್ನುವುದು? ಕಾನೂನು ಬದಲಿಸಿದುದು ಆಸ್ಪತ್ರೆಯ ಬಾಗಿಲನ್ನು, ಮನೆಯ ಬಾಗಿಲನ್ನಲ್ಲ.

ಪ್ರಗತಿಪಕ್ಷದವರಿಗೂ ಇಲ್ಲಿ ಸುಲಭವಾದ ಶುದ್ಧಿಯು ದೊರೆಯದು. ಹೆಣ್ಣಿನ ದೇಹಕ್ಕೆ ಹೆಣ್ಣೇ ಒಡತಿಯೆಂದು ಒಬ್ಬನು ಹೇಳುವನು. ಅದೇ ಸ್ವಾತಂತ್ರ್ಯದ ಮರೆಯಲ್ಲಿ ಮನೆಯವರ ಒತ್ತಾಯದಿಂದ ಹೆಣ್ಣುಭ್ರೂಣಗಳು ನಾಶವಾದುವೆಂದೂ, ಅದಕ್ಕಾಗಿಯೇ ೧೯೯೪ರಲ್ಲಿ ಲಿಂಗಪರೀಕ್ಷೆಯ ನಿಷೇಧಕಾಯಿದೆಯು ಬೇಕಾಯಿತೆಂದೂ ಮತ್ತೊಬ್ಬನು ಹೇಳುವನು. ಎರಡೂ ಸತ್ಯ. ಒಂದನ್ನು ಹಿಡಿದವನು ಇನ್ನೊಂದನ್ನು ಹಿಡಿದವನನ್ನು ದ್ರೋಹಿಯೆಂದು ಹೊರಗೆ ಹಾಕಿದರೆ ಪಕ್ಷವು ಶುದ್ಧವಾಗಬಹುದು, ಸತ್ಯವು ಅರ್ಧವಾಗುವುದು. ಈ ಇಬ್ಬರನ್ನೂ ಒಂದೇ ಜಗಲಿಯಲ್ಲಿ ಕೂರಿಸಿಕೊಂಡು, ಬಲಾತ್ಕಾರವು ಎಲ್ಲಿದೆಯೆಂದು ಕೇಳುವುದೇ ಲೋಹಿಯಾ ಅವರ ಅಳತೆಗೋಲಿನ ಸಾರ್ಥಕವಾದ ಉಪಯೋಗ.

ಹಾಗಾದರೆ ಪಕ್ಷಕ್ಕೆ ಶುದ್ಧಿಯೇ ಬೇಡವೇ? ಸಿದ್ಧಾಂತವನ್ನು ಬಿಟ್ಟ ಪಕ್ಷವು ಸಂತೆಯಾಗದೇ? ಆಗುವುದು, ಆಗಿರುವುದನ್ನು ನಾವೆಲ್ಲರೂ ಕಂಡಿದ್ದೇವೆ. ೧೯೫೪ರಲ್ಲಿ ಲೋಹಿಯಾ ಅವರು ಕೇಳಿದುದು ನ್ಯಾಯವಾದ ಶುದ್ಧಿಯೇ. ತನ್ನವರು ಸಿಡಿಸಿದ ಗುಂಡಿಗೂ ಪರರು ಸಿಡಿಸಿದ ಗುಂಡಿಗೂ ಒಂದೇ ಮಾತು ಇರಬೇಕೆಂಬುದರಲ್ಲಿ ಸಂಶಯವಿಲ್ಲ. ಎರಡನೆಯ ಘಟವು ಮೊದಲನೆಯದನ್ನು ರದ್ದುಮಾಡುವುದಿಲ್ಲ, ಅದನ್ನು ಪೂರ್ಣಮಾಡುವುದು. ಬಹಿಷ್ಕಾರವನ್ನು ವಿಧಿಸುವ ಸಭೆಯು ಅದೇ ದಿನ ಮೂರು ಮಾತುಗಳನ್ನು ಹೇಳಲು ಬದ್ಧವಾಗಿರಬೇಕು: ಹಿಂದಿರುಗುವ ದಾರಿ ಯಾವುದು, ಅಲ್ಲಿಯವರೆಗೆ ಅನ್ನ, ವಸ್ತ್ರ, ರಕ್ಷಣೆಗಳಿಗೆ ಹೊಣೆ ಯಾರು, ಹಿಂದಿರುಗಿದ ಮೇಲೆ ಹಳೆಯದನ್ನು ಎತ್ತಿ ಆಡುವವರಿಗೆ ಶಿಕ್ಷೆಯೇನು. ಈ ಮೂರನ್ನು ಹೇಳಲಾರದ ಸಭೆಗೆ, ಅದು ಅಗ್ರಹಾರದ್ದಾಗಲಿ ಪಕ್ಷದ್ದಾಗಲಿ, ಘಟವನ್ನು ಒಡೆಯುವ ಅಧಿಕಾರವಿಲ್ಲ.

ಕೊನೆಗೆ ಒಂದು ಮಾತು. ಪ್ರಾಯಶ್ಚಿತ್ತವನ್ನು ಮಾಡಿಕೊಂಡು ಶುದ್ಧರಾದರೂ ಕೆಲವರೊಡನೆ ಸಹವಾಸವು ಸಲ್ಲದೆಂದು ಮನುವು ಅದೇ ಪ್ರಕರಣದಲ್ಲಿ ಹೇಳಿದ್ದಾನೆ. ಆ ಪಟ್ಟಿಯಲ್ಲಿ ಶಿಶುಘಾತಕರು, ಕೃತಘ್ನರು ಇದ್ದಾರೆ. ಶರಣುಬಂದವರನ್ನು ಕೊಂದವರು, ಹೆಂಗಸರನ್ನು ಕೊಂದವರು ಇದ್ದಾರೆ. ಮೊದಲನೆಯ ಶಬ್ದವನ್ನು ಹಿಡಿದು ಯಮುನಕ್ಕನನ್ನು ಅಲ್ಲಿಗೆ ಸೇರಿಸಲೆಳಸುವವರಿಗೆ, ಗರ್ಭಪಾತವನ್ನು ಯಾಜ್ಞವಲ್ಕ್ಯನು ಬೇರೆಯಾಗಿಯೇ ಎಣಿಸಿ ಅನ್ನವಸ್ತ್ರಗಳನ್ನು ಉಳಿಸಿದನೆಂಬುದೇ ಉತ್ತರ. ಕೊನೆಯ ಎರಡು ಶಬ್ದಗಳಾದರೋ ನಿಸ್ಸಂದಿಗ್ಧವಾದುವು. ಸುಬ್ಬಮ್ಮನನ್ನು ಬೇರು ಕುಡಿಯುವ ಸ್ಥಿತಿಗೆ ತಳ್ಳಿದವರೂ, ಯಮುನಕ್ಕನನ್ನು ಹುತ್ತದ ಬಳಿಗೆ ಅಟ್ಟಿದವರೂ ತಮ್ಮ ಹೆಸರು ಯಾವ ಪಟ್ಟಿಯಲ್ಲಿದೆಯೆಂದು ಅಲ್ಲಿಯೇ ಓದಿಕೊಳ್ಳಬಹುದು. ಎರಡನೆಯ ಘಟವು ಇಲ್ಲದಿರುವುದು ಅವರಿಗೆ.